ಶಾಲು ಹೊದಿಸಿ ಕಳುಹಿಸುವ ಮುನ್ನ: ಕೋಚ್ ಮೇಲೆ ದೂರು ಬಂದಾಗ ತಂಡಗಳು ಮಾಡುವುದೇನು?

ಪ್ರಶ್ನೆ: ನಮ್ಮದು ಉತ್ತರ ಕರ್ನಾಟಕದ ಒಂದು ಸಣ್ಣ ಅಥ್ಲೆಟಿಕ್ಸ್ ಕ್ಲಬ್. ನಾನು ಅದರ ಕಾರ್ಯಕಾರಿ ಸಮಿತಿಯ ಸದಸ್ಯ. ಬಹುಕಾಲದಿಂದ ನಮ್ಮಲ್ಲಿರುವ ಕೋಚ್ ಒಬ್ಬರು ರಾತ್ರಿ ಹೊತ್ತು ಅಸಭ್ಯ ಸಂದೇಶಗಳನ್ನು ಕಳುಹಿಸುತ್ತಿದ್ದರು ಎಂದು, ಹಿಂದೆ ನಮ್ಮಲ್ಲಿ ತರಬೇತಿ ಪಡೆದ ಓಟಗಾರ್ತಿಯೊಬ್ಬರು ಪತ್ರ ಬರೆದಿದ್ದಾರೆ. ಕೋಚ್ ಅದನ್ನು ಅಲ್ಲಗಳೆದಿದ್ದಾರೆ. ಅವರ ಶಿಷ್ಯರು ರಾಜ್ಯ ಮಟ್ಟದಲ್ಲಿ ಪದಕ ಗೆದ್ದವರು. ಸಮಿತಿಯ ಕೆಲವರು ‘ಮೈದಾನದ ಹೊರಗಿನದು ಅವರ ಸ್ವಂತ ವಿಷಯ, ತಪ್ಪಿದ್ದರೆ ಪೊಲೀಸರು ನೋಡಿಕೊಳ್ಳಲಿ’ ಎನ್ನುತ್ತಾರೆ. ಉಳಿದವರು ‘ಗದ್ದಲ ಬೇಡ, ರಾಜೀನಾಮೆ ಪಡೆದು, ಶಾಲು ಹೊದಿಸಿ ಗೌರವದಿಂದ ಕಳುಹಿಸೋಣ’ ಎನ್ನುತ್ತಾರೆ. ದೊಡ್ಡ ತಂಡಗಳು ಇಂಥ ಸಂದರ್ಭದಲ್ಲಿ ಏನು ಮಾಡುತ್ತವೆ? ನಾವೇನು ಮಾಡಬೇಕು?

ಉತ್ತರ: ದೊಡ್ಡ ತಂಡಗಳೂ ಬಹಳ ಸಲ ನಿಮ್ಮ ಸಮಿತಿಯ ಎರಡನೆಯ ಬಣ ಹೇಳುತ್ತಿರುವುದನ್ನೇ ಮಾಡಿವೆ. ಶಾಲಿನ ಬದಲು ಅಲ್ಲಿ ಪತ್ರಿಕಾ ಹೇಳಿಕೆ ಇರುತ್ತದೆ, ಅಷ್ಟೇ ವ್ಯತ್ಯಾಸ. ಹಾಗೆ ಮಾಡಿದ್ದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಕಾನೂನಿನ ಕಲಮುಗಳಿಗಿಂತ ಇದೇ ಹೆಚ್ಚು ಕೆಲಸಕ್ಕೆ ಬಂದೀತು.

ಅಮೆರಿಕದ ಮಹಿಳಾ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಪೋರ್ಟ್‌ಲೆಂಡ್ ಥಾರ್ನ್ಸ್ ಎಂಬ ತಂಡವಿದೆ. 2014 ಮತ್ತು 2015ರಲ್ಲಿ ಅದರ ಮುಖ್ಯ ಕೋಚ್ ಆಗಿದ್ದವರು ಪಾಲ್ ರೈಲಿ. 2015ರ ಋತು ಮುಗಿಯುತ್ತಿದ್ದಂತೆ ಆಟಗಾರ್ತಿಯೊಬ್ಬರು ತಂಡಕ್ಕೂ ಲೀಗ್‌ಗೂ ಲೈಂಗಿಕ ಕಿರುಕುಳದ ಲಿಖಿತ ದೂರು ಕೊಟ್ಟರು. ತಂಡ ಅದನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ವಕೀಲರಿಂದ ತನಿಖೆ ಮಾಡಿಸಿ ಕೆಲವೇ ದಿನಗಳಲ್ಲಿ ರೈಲಿಯನ್ನು ತೆಗೆದುಹಾಕಿತು. ಇಲ್ಲಿಗೆ ನಿಲ್ಲಿಸಿದರೆ ಇದು ಮಾದರಿ ಪ್ರಕರಣ ಎನ್ನಬೇಕು. ಆದರೆ ಹೊರಗಿನ ಜಗತ್ತಿಗೆ ತಂಡ ಹೇಳಿದ್ದು ಬೇರೆ: ಕೋಚ್‌ನ ಒಪ್ಪಂದವನ್ನು ಮುಂದುವರಿಸುತ್ತಿಲ್ಲ, ಅವರ ಸೇವೆಗೆ ಧನ್ಯವಾದ. ಕೆಲವೇ ತಿಂಗಳಲ್ಲಿ ಅದೇ ಲೀಗ್‌ನ ಮತ್ತೊಂದು ತಂಡ ವೆಸ್ಟರ್ನ್ ನ್ಯೂಯಾರ್ಕ್ ಫ್ಲಾಶ್ ಅವರನ್ನು ನೇಮಿಸಿಕೊಂಡಿತು. ನೇಮಿಸಿಕೊಳ್ಳುವ ಮೊದಲು ಪೋರ್ಟ್‌ಲೆಂಡ್‌ನ ವ್ಯವಸ್ಥಾಪಕರನ್ನು ವಿಚಾರಿಸಿತ್ತು ಕೂಡ. ಆ ಆಟಗಾರ್ತಿಯೇ ಕೋಚ್‌ನನ್ನು ಇಕ್ಕಟ್ಟಿಗೆ ಸಿಲುಕಿಸಿದರು, ನನ್ನ ಕೈಲಿದ್ದರೆ ಮತ್ತೆ ನೇಮಿಸಿಕೊಳ್ಳುತ್ತಿದ್ದೆ ಎಂಬರ್ಥದ ಉತ್ತರ ಸಿಕ್ಕಿತು. ರೈಲಿ 2016ರಲ್ಲಿ ಹೊಸ ತಂಡದೊಂದಿಗೆ ಪ್ರಶಸ್ತಿ ಗೆದ್ದರು. ತಂಡ ನಾರ್ತ್ ಕ್ಯಾರೊಲಿನಾಗೆ ಸ್ಥಳಾಂತರಗೊಂಡ ಮೇಲೆ 2018 ಮತ್ತು 2019ರಲ್ಲೂ ಗೆದ್ದರು.

2021ರ ಸೆಪ್ಟೆಂಬರ್ 30ರಂದು ಇಬ್ಬರು ಮಾಜಿ ಆಟಗಾರ್ತಿಯರು ತಮ್ಮ ಹೆಸರು ಹೇಳಿಕೊಂಡೇ ಪತ್ರಿಕೆಯೊಂದರ ಮೂಲಕ ಮಾತನಾಡಿದರು. ರೈಲಿ ಆರೋಪಗಳನ್ನು ಅಲ್ಲಗಳೆದರು. ತಂಡ ಅದೇ ದಿನ ಅವರನ್ನು ವಜಾ ಮಾಡಿತು. ಮರುದಿನ ಲೀಗ್‌ನ ಆಯುಕ್ತೆ ರಾಜೀನಾಮೆ ಕೊಟ್ಟರು, ಆ ವಾರಾಂತ್ಯದ ಪಂದ್ಯಗಳೆಲ್ಲ ರದ್ದಾದವು. ಮುಂದಿನ ವಾರ ಆಟ ಶುರುವಾದಾಗ ಆರನೆಯ ನಿಮಿಷಕ್ಕೆ ಎರಡೂ ತಂಡದವರು ಆಟ ನಿಲ್ಲಿಸಿ ಮೈದಾನದ ನಡುವೆ ಕೈಹಿಡಿದು ನಿಂತರು. ದೂರು ಕೊಟ್ಟು ಆರು ವರ್ಷವಾಗಿತ್ತು ಎಂಬುದರ ಗುರುತು ಅದು. ಅಮೆರಿಕದ ಮಾಜಿ ಪ್ರಭಾರ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್ ನೇತೃತ್ವದ ತನಿಖೆ ಇನ್ನೂರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ 2022ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. 2023ರ ಜನವರಿಯಲ್ಲಿ ಲೀಗ್ ರೈಲಿಯೂ ಸೇರಿ ನಾಲ್ವರು ಕೋಚ್‌ಗಳಿಗೆ ಆಜೀವ ನಿಷೇಧ ಹೇರಿತು.

ಆ ವರದಿಯನ್ನು ಓದಿದಾಗ ನನಗೆ ಎದ್ದು ಕಂಡದ್ದು ಒಂದೇ ವಿಷಯ. ಪೋರ್ಟ್‌ಲೆಂಡ್ ತಂಡ ಕೋಚ್‌ನನ್ನು ತೆಗೆದಿತ್ತು. ಆದರೂ ತಪ್ಪಿತಸ್ಥ ಸ್ಥಾನದಲ್ಲಿ ನಿಂತಿತು. ಕೋಚ್ ಮೇಲೆ ದೂರು ಬಂದಾಗ ನಾವೆಲ್ಲ ಕೇಳುವ ಪ್ರಶ್ನೆ ‘ತೆಗೆದರೋ ಇಲ್ಲವೋ’ ಎಂಬುದು. ನಾನು ಕೇಳುವುದು ಬೇರೆ. ಏಕೆ ತೆಗೆದಿರಿ ಎಂಬುದನ್ನು ಎಲ್ಲಿ ಬರೆದಿಟ್ಟಿರಿ? ಮುಂದಿನವರು ಬಂದು ಕೇಳಿದಾಗ ಏನು ಹೇಳಿದಿರಿ?

ಶಿಕಾಗೊದ ಐಸ್ ಹಾಕಿ ತಂಡ ಬ್ಲ್ಯಾಕ್‌ಹಾಕ್ಸ್‌ನ ಕಥೆ ಇದಕ್ಕಿಂತಲೂ ಕಹಿ. 2010ರ ಮೇ 23ರಂದು ತಂಡ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಅರ್ಹತೆ ಪಡೆಯಿತು. ಅದೇ ದಿನ ಹಿರಿಯ ಅಧಿಕಾರಿಗಳೂ ಮುಖ್ಯ ಕೋಚ್ ಜೊಯೆಲ್ ಕ್ವೆನ್‌ವಿಲ್ ಅವರೂ ಕೋಣೆಯೊಂದರಲ್ಲಿ ಸೇರಿದರು. ತಂಡದ ವಿಡಿಯೊ ಕೋಚ್ ಬ್ರ್ಯಾಡ್ ಆಲ್ಡ್ರಿಚ್ ಒಬ್ಬ ಯುವ ಆಟಗಾರನ ಮೇಲೆ ದೌರ್ಜನ್ಯ ಎಸಗಿದ್ದಾನೆ ಎಂಬ ಮಾಹಿತಿ ಅವರ ಮುಂದಿತ್ತು. ಫೈನಲ್ ಎದುರಿಗಿರುವಾಗ ತಂಡದ ಮನಸ್ಸು ಕೆಡಬಾರದೆಂಬ ಮಾತು ಗೆದ್ದಿತು. ಮೂರು ವಾರ ಯಾರೂ ಏನೂ ಮಾಡಲಿಲ್ಲ. ಕಪ್ ಬಂತು. ಆ ಮೂರು ವಾರದಲ್ಲಿ ಆತ ತಂಡದ ಜೊತೆಗೇ ಇದ್ದ. ಗೆಲುವಿನ ಸಂಭ್ರಮದಲ್ಲಿ ಯುವ ತರಬೇತಿ ನೌಕರನೊಬ್ಬನ ಜೊತೆಗೂ ಅನುಚಿತವಾಗಿ ವರ್ತಿಸಿದ ಎಂದು ಆಮೇಲಿನ ತನಿಖಾ ವರದಿ ದಾಖಲಿಸಿದೆ.

ಜೂನ್ 16ರಂದು ಆತನ ಮುಂದೆ ಎರಡು ದಾರಿ ಇಟ್ಟರು: ತನಿಖೆ ಎದುರಿಸು, ಇಲ್ಲವೇ ರಾಜೀನಾಮೆ ಕೊಡು. ಯಾವುದನ್ನು ಆರಿಸಿಕೊಂಡ ಎಂದು ಹೇಳಬೇಕಿಲ್ಲ. ಬಿಡುಗಡೆಯ ಹಣ, ಗೆಲುವಿನ ಬೋನಸ್ ಎರಡೂ ಸಿಕ್ಕವು. ಕಪ್‌ನ ಮೇಲೆ ಹೆಸರು ಕೆತ್ತಲಾಯಿತು. ಒಂದು ದಿನ ಕಪ್ಪನ್ನು ತನ್ನ ಊರಿಗೆ ಒಯ್ದು ಮೆರೆಸುವ ಅವಕಾಶವೂ ದೊರೆಯಿತು. ಊರಿನವರು ಏನೆಂದುಕೊಂಡಾರು? ವಿಜೇತ ತಂಡದಿಂದ ಬಂದವನು ಎಂದುಕೊಂಡರು. ಆತ ಮಿಷಿಗನ್ ರಾಜ್ಯದ ಒಂದು ಪ್ರೌಢಶಾಲೆಯ ಹಾಕಿ ತಂಡಕ್ಕೆ ನೆರವಾಗುತ್ತಿದ್ದ. 2013ರಲ್ಲಿ 16 ವರ್ಷದ ವಿದ್ಯಾರ್ಥಿಯ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಸಿಕ್ಕಿಬಿದ್ದು ಮುಂದೆ ಜೈಲಿಗೆ ಹೋದ. ಶಿಕಾಗೊದ ಆಟಗಾರ ಕೈಲ್ ಬೀಚ್ 2021ರ ಅಕ್ಟೋಬರ್‌ನಲ್ಲಿ ತಾನೇ ಮುಂದೆ ಬಂದು ಹೆಸರು ಹೇಳಿಕೊಂಡಾಗ, ತನಗಾದದ್ದಕ್ಕಿಂತ ಹೆಚ್ಚಾಗಿ ಆ ಹುಡುಗನಿಗಾದದ್ದಕ್ಕೆ ಮರುಗಿದರು. ಲೀಗ್ ತಂಡಕ್ಕೆ 20 ಲಕ್ಷ ಡಾಲರ್ ದಂಡ ಹಾಕಿತು, ಪ್ರಧಾನ ವ್ಯವಸ್ಥಾಪಕ ಹುದ್ದೆ ಬಿಟ್ಟರು, ಆ ವೇಳೆಗೆ ಫ್ಲಾರಿಡಾ ತಂಡದಲ್ಲಿದ್ದ ಕ್ವೆನ್‌ವಿಲ್ ಅವರೂ ರಾಜೀನಾಮೆ ಕೊಟ್ಟರು. ಕಪ್‌ನ ಮೇಲಿದ್ದ ಆಲ್ಡ್ರಿಚ್‌ನ ಹೆಸರನ್ನು ಅಕ್ಷರಗಳ ಮೇಲೆ ಅಡ್ಡಗೆರೆ ಹೊಡೆದು ಮುಚ್ಚಲಾಯಿತು. ಹನ್ನೊಂದು ವರ್ಷದ ನಂತರ.

ನಿಮ್ಮ ಎರಡನೆಯ ಬಣಕ್ಕೆ ನನ್ನ ಉತ್ತರ ಇದೇ. ನೀವು ಗದ್ದಲವಿಲ್ಲದೆ ಕಳುಹಿಸಿದವರು ಪಕ್ಕದ ತಾಲ್ಲೂಕಿನ ಶಾಲೆಯಲ್ಲೋ ಇನ್ನೊಂದು ಕ್ಲಬ್‌ನಲ್ಲೋ ಸೀಟಿ ಹಿಡಿದು ನಿಲ್ಲುತ್ತಾರೆ. ನಿಮ್ಮ ಸನ್ಮಾನದ ಫೋಟೊವೇ ಅವರ ಅರ್ಹತಾ ಪತ್ರವಾಗುತ್ತದೆ.

ಇನ್ನು ಮೊದಲ ಬಣ. ಮೈದಾನದ ಹೊರಗಿನದು ಸ್ವಂತ ವಿಷಯ ಎನ್ನುವವರು ಕೋಚ್‌ನ ಅಧಿಕಾರ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಮರೆಯುತ್ತಾರೆ. ರಾಜ್ಯಕೂಟಕ್ಕೆ ಯಾರ ಹೆಸರು ಕಳುಹಿಸಬೇಕು, ಕ್ರೀಡಾ ನಿಲಯಕ್ಕೆ ಯಾರನ್ನು ಶಿಫಾರಸು ಮಾಡಬೇಕು, ಪ್ರವಾಸದಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗಬೇಕು, ಗಾಯವಾದವರು ಯಾವಾಗ ಮತ್ತೆ ಓಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅವರೇ. ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶಕ್ಕೆ ಹುಡುಗಿ ಉತ್ತರಿಸದಿದ್ದರೆ ಬೆಳಿಗ್ಗೆ ಆರಕ್ಕೆ ಟ್ರ್ಯಾಕ್‌ನಲ್ಲಿ ಎದುರಾಗುವ ಮುಖ ಅದೇ. ಹೊರಗು ಒಳಗು ಎಂಬ ಗೆರೆ ಸುಣ್ಣದಲ್ಲಿ ಎಳೆದದ್ದು. ಓಟಗಾರ್ತಿಯ ಭಯಕ್ಕೆ ಅದು ಕಾಣುವುದಿಲ್ಲ. ಕೋಚ್ ವಾಹನ ನಿಲುಗಡೆಯ ವಿಷಯಕ್ಕೆ ನೆರೆಯವರ ಜೊತೆ ಜಗಳವಾಡಿದ್ದರೆ ಅದು ಸ್ವಂತ ವಿಷಯ ಎಂದು ನಾನೂ ಒಪ್ಪುತ್ತೇನೆ. ಇದು ಹಾಗಲ್ಲ.

ಪೊಲೀಸರು ನೋಡಿಕೊಳ್ಳಲಿ ಎಂಬ ಮಾತಿನಲ್ಲಿ ಇನ್ನೊಂದು ಗೊಂದಲವಿದೆ. ಅಪರಾಧವೇ ಎಂದು ತೀರ್ಮಾನಿಸುವುದು ನ್ಯಾಯಾಲಯ. ತಂಡದ ಮುಂದಿರುವ ಪ್ರಶ್ನೆ, ಈ ವ್ಯಕ್ತಿಯ ಕೈಗೆ ಮಕ್ಕಳನ್ನು ಒಪ್ಪಿಸಬಹುದೇ ಎಂಬುದು. ಎರಡಕ್ಕೂ ಬೇಕಾದ ಸಾಕ್ಷ್ಯದ ಮಟ್ಟ ಬೇರೆ ಬೇರೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್ ಮೆಲ್ ಟಕರ್ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 2021ರಲ್ಲಿ ಅವರಿಗೆ ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್‌ನ ಒಪ್ಪಂದ ಸಿಕ್ಕಿತ್ತು. 2022ರ ಡಿಸೆಂಬರ್‌ನಲ್ಲಿ ಮಹಿಳೆಯೊಬ್ಬರು ದೂರು ಕೊಟ್ಟರು. ಅವರು ಲೈಂಗಿಕ ದೌರ್ಜನ್ಯ ತಡೆಯುವ ಬಗ್ಗೆ ಇದೇ ತಂಡದ ಆಟಗಾರರಿಗೆ ಪಾಠ ಹೇಳಲು ಕರೆಸಿದ್ದವರು! ಟಕರ್ ಫೋನ್ ಕರೆಯೊಂದರ ವೇಳೆ ಅಶ್ಲೀಲವಾಗಿ ವರ್ತಿಸಿದರು ಎಂಬುದು ಆರೋಪ. ಇಬ್ಬರ ಒಪ್ಪಿಗೆಯಿಂದ ನಡೆದದ್ದು, ನನ್ನ ಖಾಸಗಿ ವಿಷಯ ಎಂಬುದು ಟಕರ್ ವಾದ. ವಿಶ್ವವಿದ್ಯಾಲಯ ಪೂರ್ಣ ವಿಚಾರಣೆಗೆ ಕಾಯದೆ 2023ರ ಸೆಪ್ಟೆಂಬರ್ 27ರಂದು ವಜಾ ಮಾಡಿತು. ಕಿರುಕುಳ ಹೌದೋ ಅಲ್ಲವೋ ಎಂಬ ತೀರ್ಪು ಬರಲಿ, ಕೆಲಸದ ಸಂಬಂಧವಿರುವ ಮಹಿಳೆಯೊಂದಿಗೆ ಹೀಗೆ ನಡೆದುಕೊಂಡೆ ಎಂದು ನೀವೇ ಒಪ್ಪಿದ್ದೀರಿ, ಒಪ್ಪಂದ ಮುರಿಯಲು ಅಷ್ಟು ಸಾಕು ಎಂಬುದು ಅದರ ನಿಲುವು. ಉಳಿದಿದ್ದ ಸುಮಾರು 8 ಕೋಟಿ ಡಾಲರ್ ಕೊಡಲಿಲ್ಲ. ಮುಂದಿನ ತಿಂಗಳು ವಿಚಾರಣಾಧಿಕಾರಿಯೂ ಅವರು ವಿಶ್ವವಿದ್ಯಾಲಯದ ನಿಯಮ ಮುರಿದಿದ್ದಾರೆ ಎಂದೇ ಹೇಳಿದರು. ಟಕರ್ ಆಮೇಲೆ ಮೊಕದ್ದಮೆ ಹೂಡಿದರು.

ಆದರೆ ಇದನ್ನು ನಾನು ಆದರ್ಶವೆಂದು ಹೇಳುತ್ತಿಲ್ಲ. ಡಿಸೆಂಬರ್‌ನಲ್ಲಿ ದೂರು ಬಂದರೂ ಕೋಚ್ ಸೆಪ್ಟೆಂಬರ್‌ನ ಎರಡು ಪಂದ್ಯಗಳವರೆಗೆ ಹುದ್ದೆಯಲ್ಲಿದ್ದರು. ದೂರುದಾರೆಯ ಹೆಸರು ಸೋರಿಕೆಯಾಗಿದೆ ಎಂದು ತಿಳಿದಾಗ ಆಕೆಯೇ ಪತ್ರಿಕೆಯವರ ಬಳಿ ಹೋದರು. ವರದಿ ಪ್ರಕಟವಾದ ದಿನವೇ ಸಂಬಳವಿಲ್ಲದ ಅಮಾನತು ಜಾರಿಯಾಯಿತು. ಒಂಬತ್ತು ತಿಂಗಳು ಕಾಣದ ಅಗತ್ಯ ಒಂದು ಭಾನುವಾರ ಹೇಗೆ ಕಂಡಿತು? ಲ್ಯಾರಿ ನಾಸರ್ ಎಂಬ ವೈದ್ಯನ ದೌರ್ಜನ್ಯಕ್ಕೆ ಒಳಗಾದವರೊಂದಿಗೆ 2018ರಲ್ಲಷ್ಟೇ 50 ಕೋಟಿ ಡಾಲರ್‌ನ ರಾಜಿ ಮಾಡಿಕೊಂಡಿದ್ದ ಸಂಸ್ಥೆ ಅದು. ಅಷ್ಟು ದುಬಾರಿ ಶುಲ್ಕ ಕಟ್ಟಿಯೂ ಪಾಠ ಪೂರ್ತಿ ಕಲಿತಿರಲಿಲ್ಲ.

ಅಮಾನತು, ಕಡ್ಡಾಯ ರಜೆ ಇವೆಲ್ಲ ಶಿಕ್ಷೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಾಗಾಗಿಯೇ ‘ತಪ್ಪು ಸಾಬೀತಾಗದೆ ಹೇಗೆ ದೂರವಿಡುವುದು’ ಎಂದು ತಕರಾರು ಏಳುತ್ತದೆ. ವಿಚಾರಣೆ ಮುಗಿಯುವವರೆಗೆ ದೂರವಿಡುವುದು ಇಬ್ಬರಿಗೂ ರಕ್ಷಣೆ. ಸಾಕ್ಷಿಗಳಾಗಬೇಕಾದ ಮಕ್ಕಳು ಅದೇ ಕೋಚ್‌ನ ಕೈಕೆಳಗೆ ಅಭ್ಯಾಸ ಮಾಡುತ್ತಿದ್ದರೆ ಯಾರು ಬಾಯಿ ಬಿಡುತ್ತಾರೆ? ಕೋಚ್ ನಿರಪರಾಧಿಯಾಗಿದ್ದರೆ ‘ಸಾಕ್ಷಿಗಳನ್ನು ಹೆದರಿಸಿ ಪಾರಾದ’ ಎಂಬ ಮಾತು ಅವರಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತದೆ. ಸಂಬಳ ಕೊಟ್ಟು ದೂರವಿಡಿ, ಆದೇಶದಲ್ಲಿ ‘ಇದು ಶಿಕ್ಷೆಯಲ್ಲ’ ಎಂದು ಬರೆಯಿರಿ.

ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ 2018ರ ಆಗಸ್ಟ್‌ನಲ್ಲಿ ಮಾಡಿದ್ದು ಇದನ್ನೇ. ಸಹಾಯಕ ಕೋಚ್ ಒಬ್ಬರ ಮೇಲೆ ಪತ್ನಿಯನ್ನು ಹಿಂಸಿಸಿದ ಆರೋಪವಿತ್ತು, ಅವರು ಅದನ್ನು ಅಲ್ಲಗಳೆದಿದ್ದರು. ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಅರ್ಬನ್ ಮೇಯರ್‌ಗೆ ಅದು ಎಷ್ಟು ಗೊತ್ತಿತ್ತು, ಗೊತ್ತಿದ್ದು ಏನು ಮಾಡಿದರು ಎಂಬುದು ಪ್ರಶ್ನೆ. ಮೇಯರ್ ಅವರನ್ನು ಸಂಬಳಸಹಿತ ರಜೆಯ ಮೇಲೆ ಕಳುಹಿಸಿ, ಹೊರಗಿನ ವಕೀಲರಿಂದ ಎರಡು ವಾರಗಳಲ್ಲಿ ತನಿಖೆ ಮುಗಿಸಿದರು. ಕೊನೆಗೆ ಸಿಕ್ಕಿದ್ದು ಮೂರು ಪಂದ್ಯಗಳ ನಿಷೇಧ. ಫೋನಿನಲ್ಲಿ ಒಂದು ವರ್ಷಕ್ಕಿಂತ ಹಳೆಯ ಸಂದೇಶಗಳು ತಾನಾಗಿ ಅಳಿಯುವಂತೆ ಮಾಡುವುದು ಹೇಗೆ ಎಂದು ಮೇಯರ್ ಸಿಬ್ಬಂದಿಯೊಬ್ಬರೊಡನೆ ಚರ್ಚಿಸಿದ್ದರು ಎಂಬ ಸಾಲೂ ಆ ವರದಿಯಲ್ಲಿದೆ. ನಿಮ್ಮ ಪ್ರಕರಣವೂ ಸಂದೇಶಗಳದ್ದೇ. ಹಾಗಾಗಿ ಮೊದಲ ದಿನವೇ ದೂರುದಾರೆಯ ಬಳಿಯಿರುವ ಸಂದೇಶಗಳನ್ನು ಅಳಿಸದೆ ಕಾಪಾಡಿಕೊಳ್ಳಲು ಹೇಳಿ. ಕ್ಲಬ್‌ನ ವಾಟ್ಸ್‌ಆ್ಯಪ್ ಗುಂಪುಗಳ ದಾಖಲೆಯನ್ನೂ ತೆಗೆದಿಡಿ.

ಆತುರದ ಕಡೆಗೂ ಒಂದು ಎಚ್ಚರಿಕೆ ಬೇಕು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಟಗಾರರ ನಡುವಿನ ರ‍್ಯಾಗಿಂಗ್ ಬಗ್ಗೆ ತಿಂಗಳುಗಟ್ಟಲೆ ತನಿಖೆ ನಡೆದು, 2023ರ ಜುಲೈ 7ರಂದು ಕೋಚ್ ಪ್ಯಾಟ್ ಫಿಟ್ಜೆರಾಲ್ಡ್ ಅವರಿಗೆ ಎರಡು ವಾರದ ಅಮಾನತು ಘೋಷಿಸಿದರು. ಮರುದಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ವಿವರಗಳು ಬಂದವು. ಜುಲೈ 10ಕ್ಕೆ ವಜಾ. ಕೋಚ್ 13 ಕೋಟಿ ಡಾಲರ್‌ನ ಮೊಕದ್ದಮೆ ಹೂಡಿದರು. 2025ರ ಆಗಸ್ಟ್‌ನಲ್ಲಿ ರಾಜಿಯಾಯಿತು, ಅವರು ರ‍್ಯಾಗಿಂಗ್‌ಗೆ ಸಮ್ಮತಿ ಕೊಟ್ಟಿದ್ದರು ಎಂಬುದು ಸಾಕ್ಷ್ಯಗಳಿಂದ ಸ್ಥಾಪಿತವಾಗಿಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಬೇಕಾಯಿತು. ಮೂರು ದಿನದಲ್ಲಿ ಶಿಕ್ಷೆ ಬದಲಾದರೆ, ಸಂಸ್ಥೆ ನೋಡುತ್ತಿದ್ದುದು ಸಾಕ್ಷ್ಯವನ್ನೋ ಪತ್ರಿಕೆಯ ತಲೆಬರಹವನ್ನೋ ಎಂಬ ಅನುಮಾನ ಬಂದೇ ಬರುತ್ತದೆ. ಕೋಚ್‌ಗೆ ಆರೋಪಗಳ ಪ್ರತಿ ಕೊಡಿ, ಉತ್ತರಿಸಲು ಸಮಯ ಕೊಡಿ, ಅವರ ಸಾಕ್ಷಿಗಳನ್ನೂ ಕೇಳಿ. ಇದು ಔದಾರ್ಯವಲ್ಲ, ನಿಮ್ಮ ತೀರ್ಮಾನ ನಾಳೆ ನಿಲ್ಲಬೇಕಾದರೆ ಇದೇ ಅಡಿಪಾಯ.

ಗೋಪ್ಯತೆಯ ಬಗ್ಗೆ ಒಂದೆರಡು ಮಾತು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕುಳಿತವಳು ನಾನು; ಅಲ್ಲಿ ಕೇಳಿದ ಒಂದು ಪ್ರಕರಣವನ್ನೂ ಇಲ್ಲಿ ಹೇಳಲಾರೆ, ಹೇಳಲೂಬಾರದು. ಆದರೆ ಗೋಪ್ಯತೆಯೆಂದರೆ ಬಾಯಿಗೆ ಬೀಗವಲ್ಲ. ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ 2022ರ ಸೆಪ್ಟೆಂಬರ್‌ನಲ್ಲಿ ಕೋಚ್ ಇಮೆ ಉಡೊಕಾ ಅವರನ್ನು ಇಡೀ ಋತುವಿಗೆ ಅಮಾನತು ಮಾಡಿ, ತಂಡದ ನಿಯಮಗಳನ್ನು ಮುರಿದಿದ್ದಾರೆ ಎಂದಷ್ಟೇ ಹೇಳಿತು. ಖಾಲಿ ಬಿಟ್ಟ ಜಾಗವನ್ನು ಜಾಲತಾಣಗಳು ತುಂಬಿದವು. ಸಂಬಂಧವೇ ಇಲ್ಲದ ಮಹಿಳಾ ಸಿಬ್ಬಂದಿಯ ಹೆಸರು, ಫೋಟೊಗಳು ಹರಿದಾಡಿದವು. ತಂಡದ ಹಿರಿಯ ಅಧಿಕಾರಿ ಬ್ರ್ಯಾಡ್ ಸ್ಟೀವನ್ಸ್ ಪತ್ರಿಕಾಗೋಷ್ಠಿಯಲ್ಲಿ ಆ ಮಹಿಳೆಯರ ಪರವಾಗಿ ನೋವಿನಿಂದ ಮಾತನಾಡಬೇಕಾಯಿತು. ಉಡೊಕಾ ಮುಂದಿನ ವರ್ಷ ಹ್ಯೂಸ್ಟನ್ ತಂಡದ ಕೋಚ್ ಆದರು. ಮುಚ್ಚಿಡಬೇಕಾದದ್ದು ದೂರುದಾರರು, ಸಾಕ್ಷಿಗಳು, ದೂರಿಗೆ ಗುರಿಯಾದವರ ಗುರುತು ಮತ್ತು ವಿಚಾರಣೆಯ ವಿವರ. ಸದ್ಯಕ್ಕೆ ಕೋಚ್ ಕರ್ತವ್ಯದಲ್ಲಿ ಇರುವುದಿಲ್ಲ, ಈ ಅವಧಿಯಲ್ಲಿ ಇಂಥವರು ತರಬೇತಿ ಕೊಡುತ್ತಾರೆ ಎಂಬ ಎರಡು ಮಾತನ್ನು ಪೋಷಕರಿಗೆ ಹೇಳಬಹುದು, ಹೇಳಲೇಬೇಕು.

ನಮ್ಮ ದೇಶದ ದಾಖಲೆ ಹೆಮ್ಮೆಪಡುವಂಥದ್ದಲ್ಲ. 2010ರಲ್ಲಿ ಮಹಿಳಾ ಹಾಕಿ ತಂಡದ ಮುಖ್ಯ ಕೋಚ್ ಆಟಗಾರ್ತಿಯೊಬ್ಬರ ದೂರಿನ ಬೆನ್ನಿಗೆ ರಾಜೀನಾಮೆ ಕೊಟ್ಟರು. 2020ರಲ್ಲಿ ಪತ್ರಿಕೆಯೊಂದು ಮಾಹಿತಿ ಹಕ್ಕಿನಡಿ ಪಡೆದ ದಾಖಲೆಗಳ ಪ್ರಕಾರ, ಭಾರತ ಕ್ರೀಡಾ ಪ್ರಾಧಿಕಾರದಲ್ಲಿ ಹತ್ತು ವರ್ಷಗಳಲ್ಲಿ ಬಂದ 45 ಲೈಂಗಿಕ ಕಿರುಕುಳದ ದೂರುಗಳಲ್ಲಿ 29 ಕೋಚ್‌ಗಳ ಮೇಲಿನವು. ಹಲವು ಕಡೆ ಶಿಕ್ಷೆಯೆಂದರೆ ವರ್ಗಾವಣೆ ಅಥವಾ ಸಂಬಳದಲ್ಲಿ ಒಂದಿಷ್ಟು ಕಡಿತ. ವರ್ಗಾವಣೆ! ಪೋರ್ಟ್‌ಲೆಂಡ್‌ನವರು ಮೌನದಿಂದ ಮಾಡಿದ್ದನ್ನು ನಾವು ಸರ್ಕಾರಿ ಆದೇಶದ ಮೂಲಕ ಮಾಡುತ್ತೇವೆ. 2022ರ ಜೂನ್‌ನಲ್ಲಿ ಸ್ಲೊವೇನಿಯಾ ಪ್ರವಾಸದಲ್ಲಿದ್ದ ಸೈಕ್ಲಿಸ್ಟ್ ಒಬ್ಬರ ದೂರಿನ ಮೇಲೆ ರಾಷ್ಟ್ರೀಯ ಕೋಚ್‌ನ ಗುತ್ತಿಗೆ ರದ್ದಾಯಿತು; ಮಹಿಳಾ ಕ್ರೀಡಾಪಟುಗಳಿರುವ ತಂಡದ ಜೊತೆ ಮಹಿಳಾ ಕೋಚ್ ಹೋಗಲೇಬೇಕು ಎಂಬ ಸೂಚನೆ ಹೊರಟಿದ್ದು ಆಮೇಲೆ. ಅದಾದ ಕೆಲವೇ ವಾರಗಳಲ್ಲಿ 17 ವರ್ಷದೊಳಗಿನ ಬಾಲಕಿಯರ ಫುಟ್‌ಬಾಲ್ ತಂಡದ ಸಹಾಯಕ ಕೋಚ್‌ನನ್ನು ಯುರೋಪ್ ಪ್ರವಾಸದ ನಡುವೆಯೇ ವಾಪಸ್ ಕಳುಹಿಸಿ ವಜಾ ಮಾಡಿದರು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣವೂ ದಾಖಲಾಯಿತು. 2024ರಲ್ಲಿ ಹೈದರಾಬಾದ್ ಮಹಿಳಾ ಕ್ರಿಕೆಟ್ ತಂಡದ ಕೋಚ್ ತಂಡದ ಬಸ್‌ನಲ್ಲಿ ಮದ್ಯ ಸೇವಿಸಿದ ಆರೋಪಕ್ಕೆ ಒಳಗಾದಾಗ ಅಮಾನತು ಬೇಗ ಬಂತು, ಏಕೆಂದರೆ ವಿಡಿಯೊ ಇತ್ತು. ಕುಸ್ತಿಪಟುಗಳ ಬಳಿ ವಿಡಿಯೊ ಇರಲಿಲ್ಲ; ಒಕ್ಕೂಟದ ಅಧ್ಯಕ್ಷರ ಮೇಲಿನ ದೂರು ದಾಖಲಾಗಲು 2023ರಲ್ಲಿ ಜಂತರ್ ಮಂತರ್‌ನ ಬಿಸಿಲಿನಲ್ಲಿ ಕೂರಬೇಕಾಯಿತು, ಸುಪ್ರೀಂ ಕೋರ್ಟ್‌ಗೂ ಹೋಗಬೇಕಾಯಿತು.

ಅದೇ ವರ್ಷದ ಮೇ 12ರಂದು ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದ ತೀರ್ಪಿನಲ್ಲಿ, 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಪೈಕಿ 16ರಲ್ಲಿ ಆಂತರಿಕ ದೂರು ಸಮಿತಿಯೇ ಇಲ್ಲ ಎಂಬ ಪತ್ರಿಕಾ ಸಮೀಕ್ಷೆಯನ್ನು ಎತ್ತಿ ಹೇಳಿ ವಿಷಾದಿಸಿತು. ಅಂಥ ಸಮಿತಿ ಇರಬೇಕೆನ್ನುವ ಕಾನೂನು ಬಂದು ಅದಾಗಲೇ ಹತ್ತು ವರ್ಷವಾಗಿತ್ತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸುರಕ್ಷಿತ ಕ್ರೀಡಾ ನೀತಿಯ ಮಾತನಾಡುತ್ತದೆ, ಒಳ್ಳೆಯದು. ಆದರೆ ನಿಮ್ಮ ಕ್ಲಬ್ ಅದಕ್ಕಾಗಿ ಕಾಯಬೇಕಿಲ್ಲ.

ಈಗ ನಿಮ್ಮ ಮೇಜಿನ ಮೇಲಿರುವ ಪತ್ರಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ಒಂದು ಮುಖ್ಯ ಸಂಗತಿ ಇಲ್ಲ: ಆ ಸಂದೇಶಗಳು ಬಂದಾಗ ಓಟಗಾರ್ತಿಗೆ ಎಷ್ಟು ವಯಸ್ಸು? ಎಲ್ಲವೂ ಅದರ ಮೇಲೆ ನಿಂತಿದೆ.

ಹದಿನೆಂಟು ತುಂಬಿರದಿದ್ದರೆ ಇದು ಪೋಕ್ಸೊ ವ್ಯಾಪ್ತಿಯ ವಿಷಯ. ಲೈಂಗಿಕ ಉದ್ದೇಶದಿಂದ ಮಗುವನ್ನು ಮೊಬೈಲ್ ಮೂಲಕ ಪದೇ ಪದೇ ಸಂಪರ್ಕಿಸುವುದೂ ಆ ಕಾಯ್ದೆಯಡಿ ಅಪರಾಧ. ಅಂಥದ್ದು ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ 19ನೇ ಕಲಮು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು. ಅಂದರೆ ನಿಮ್ಮ ಅಧ್ಯಕ್ಷರು, ಕಾರ್ಯದರ್ಶಿ. ‘ನಾನು ಮೇಲಿನವರಿಗೆ ಹೇಳಿದ್ದೆ’ ಎಂಬುದು ಉತ್ತರವಾಗದು.

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾನೂನು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ದಂತಕಥೆಯಂಥ ಕೋಚ್ ಜೋ ಪಟರ್ನೊ, ತಮ್ಮ ಮಾಜಿ ಸಹಾಯಕ ಜೆರ‍್ರಿ ಸ್ಯಾಂಡಸ್ಕಿಯ ಬಗ್ಗೆ 2001ರಲ್ಲಿ ಕೇಳಿದ್ದನ್ನು ಕ್ರೀಡಾ ನಿರ್ದೇಶಕರಿಗೆ ಹೇಳಿ ಸುಮ್ಮನಾದರು. ಆಗಿನ ನಿಯಮದ ಪ್ರಕಾರ ಅಷ್ಟು ಸಾಕಿತ್ತು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಸ್ಯಾಂಡಸ್ಕಿಯ ಬಂಧನವಾದದ್ದು ಹತ್ತು ವರ್ಷದ ಮೇಲೆ, 2011ರ ನವೆಂಬರ್‌ನಲ್ಲಿ. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ 45 ಆರೋಪಗಳು ಸಾಬೀತಾದವು. ಪಟರ್ನೊ ಅವರನ್ನು ಫೋನ್ ಮೂಲಕ ವಜಾ ಮಾಡಿದರು. ವಿಶ್ವವಿದ್ಯಾಲಯ 6 ಕೋಟಿ ಡಾಲರ್ ದಂಡ ತೆತ್ತಿತು. ಅಧ್ಯಕ್ಷರೂ ಸೇರಿ ಮೂವರು ಹಿರಿಯ ಅಧಿಕಾರಿಗಳು ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಅಪರಾಧಕ್ಕಾಗಿ ಜೈಲು ಕಂಡರು.

ಹದಿನೆಂಟು ತುಂಬಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಕ್ರೀಡಾಂಗಣ, ಕ್ರೀಡಾ ಸಂಸ್ಥೆ, ಸ್ಪರ್ಧೆ ನಡೆಯುವ ಸ್ಥಳ ಎಲ್ಲವೂ ‘ಕೆಲಸದ ಸ್ಥಳ’. ದೂರು ಕೊಡುವ ಮಹಿಳೆ ಅಲ್ಲಿನ ನೌಕರಳಾಗಿರಬೇಕಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿದ್ದರೆ ಕ್ಲಬ್‌ನಲ್ಲೇ ಆಂತರಿಕ ಸಮಿತಿ ಇರಬೇಕು: ಅಧ್ಯಕ್ಷತೆ ಮಹಿಳೆಯದು, ಅರ್ಧದಷ್ಟಾದರೂ ಮಹಿಳೆಯರು, ಒಬ್ಬರು ಹೊರಗಿನವರು. ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ನಿಮ್ಮಂಥ ಸಣ್ಣ ಕ್ಲಬ್‌ಗೆ ಬಹುಶಃ ಇದೇ ದಾರಿ. ನನ್ನನ್ನು ಕೇಳಿದರೆ ಒಳ್ಳೆಯ ದಾರಿಯೂ ಹೌದು. ಕೋಚ್‌ನ ಜೊತೆ ಚಹಾ ಕುಡಿಯುವವರೇ ಕೋಚ್‌ನನ್ನು ವಿಚಾರಿಸುವ ಮುಜುಗರ ತಪ್ಪುತ್ತದೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ಬಂದ 60 ದಿನಗಳಲ್ಲಿ ಕ್ರಮವಾಗಬೇಕು. ಅವಧಿ ಮೀರಿದ್ದರೆ ದೂರುದಾರೆಯ ಪೊಲೀಸ್ ದೂರಿನ ಹಕ್ಕು ಅದರಿಂದ ಮುಚ್ಚಿಹೋಗುವುದಿಲ್ಲ. ನಿಮ್ಮ ಕ್ಲಬ್ ತನ್ನ ನಿಯಮಗಳಡಿ ಹೊರಗಿನ ಒಬ್ಬರಿಂದ ಸ್ವತಂತ್ರ ವಿಚಾರಣೆ ಮಾಡಿಸುವುದಕ್ಕೂ ಅಡ್ಡಿಯಿಲ್ಲ. ಆರೋಪವನ್ನು ಸಾಬೀತುಪಡಿಸಲಾಗದ ಮಾತ್ರಕ್ಕೆ ದೂರುದಾರೆಯ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ, ಇದನ್ನು ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಮೊದಲ ಬಣಕ್ಕೆ ಈ ಸಾಲನ್ನು ಓದಿ ಹೇಳಿ. ಹುಡುಗರು ದೂರು ಕೊಟ್ಟರೆ ಈ ಕಾಯ್ದೆ ನೆರವಿಗೆ ಬರುವುದಿಲ್ಲ, ಇದು ಕಾನೂನಿನಲ್ಲಿರುವ ದೊಡ್ಡ ಕೊರತೆ. ಪೋಕ್ಸೊ ಮಾತ್ರ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ.

ರಾಜೀನಾಮೆ ಪತ್ರ ಬಂದರೆ? ವಿಚಾರಣೆ ನಡೆಯುತ್ತಿರುವಾಗ ಕೋಚ್ ರಾಜೀನಾಮೆ ಕೊಡಬಹುದು. ಆಗಲೂ ವಿಚಾರಣೆಯನ್ನು ಮುಗಿಸಿ. ಕಡತದಲ್ಲಿ ‘ದೂರಿನ ವಿಚಾರಣೆ ಬಾಕಿಯಿರುವಾಗ ರಾಜೀನಾಮೆ’ ಎಂದು ದಿನಾಂಕ ಸಮೇತ ನಮೂದಿಸಿ. ಅನುಭವ ಪತ್ರ ಕೇಳಿದರೆ ಕೆಲಸ ಮಾಡಿದ ಅವಧಿಯನ್ನಷ್ಟೇ ಬರೆಯಿರಿ, ಗುಣಗಾನ ಬೇಡ. ನಾಳೆ ಇನ್ನೊಂದು ಕ್ಲಬ್‌ನವರೋ ಶಾಲೆಯವರೋ ಫೋನ್ ಮಾಡಿದಾಗ ಯಾರು ಮಾತನಾಡಬೇಕು, ಏನು ಹೇಳಬೇಕು ಎಂಬುದನ್ನು ಈಗಲೇ ಸಮಿತಿಯ ನಡಾವಳಿಯಲ್ಲಿ ಬರೆದುಕೊಳ್ಳಿ. ಸಾಬೀತಾಗಿದ್ದರೆ ಸಾಬೀತಾಗಿದೆ, ಬಾಕಿಯಿದ್ದರೆ ಬಾಕಿಯಿದೆ, ದೋಷಮುಕ್ತರಾಗಿದ್ದರೆ ದೋಷಮುಕ್ತರು. ಸತ್ಯವಾದ, ದಾಖಲೆಯಿರುವ ಮಾತನ್ನು ಕೇಳಿದವರಿಗೆ ಹೇಳುವುದಕ್ಕೆ ಮಾನನಷ್ಟದ ಭಯ ಬೇಡ. ಆದರೆ ಹೇಳುವ ಮೊದಲು, ಗೋಪ್ಯತೆಯ ನಿಯಮ ಮೀರುತ್ತಿಲ್ಲವಲ್ಲ ಎಂದು ಒಬ್ಬ ವಕೀಲರಿಗೆ ಒಕ್ಕಣೆ ತೋರಿಸಿ.

ಮತ್ತೊಂದು ಮಾತು. ಪತ್ರ ಬರೆದ ಓಟಗಾರ್ತಿಗೆ ನಿಮ್ಮ ಕ್ಲಬ್ ಇನ್ನೂ ಉತ್ತರಿಸಿದಂತೆ ಕಾಣುವುದಿಲ್ಲ. ಪತ್ರ ತಲುಪಿದೆ, ಓದಿದ್ದೇವೆ, ಇಂಥ ದಿನದೊಳಗೆ ನಿಮ್ಮೊಡನೆ ಒಬ್ಬ ಮಹಿಳಾ ಸದಸ್ಯೆ ಮಾತನಾಡುತ್ತಾರೆ, ಅಲ್ಲಿಯವರೆಗೆ ಕೋಚ್ ಅಥವಾ ಅವರ ಪರವಾಗಿ ಯಾರೂ ನಿಮ್ಮನ್ನು ಸಂಪರ್ಕಿಸುವುದಿಲ್ಲ ಎಂದು ಇಂದೇ ಬರೆಯಿರಿ. ಆ ಮಾತುಕತೆಯಲ್ಲಿ ವಯಸ್ಸಿನ ಪ್ರಶ್ನೆ ಕೇಳಿ. ಹದಿನೆಂಟರ ಕೆಳಗೆ ಎಂಬ ಉತ್ತರ ಬಂದರೆ ಅದೇ ದಿನ ಠಾಣೆಗೆ ಹೋಗಿ. 1098ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಅದಕ್ಕೆ ಸಮಿತಿಯ ಸಭೆ ಕರೆಯುವ, ಕೈ ಎತ್ತಿಸಿ ಮತ ಹಾಕಿಸುವ ಅಗತ್ಯವಿಲ್ಲ.